ನಡುವಿನ ಮನೆಯ ರಕ್ಷಣಾ ನೀತಿ

ನನ್ನ ಪಿಎಚ್.ಡಿ. ಪ್ರಬಂಧದ ವಿಷಯ ಟರ್ಕಿಯ ರಕ್ಷಣಾ ನೀತಿ. ಊರಿನಲ್ಲಿ ಹುಡುಗಿಯೊಬ್ಬಳು ಇದನ್ನು ಹೇಳುವುದು ಕಷ್ಟ. ಹೇಳಿದ ಮೇಲೆ ಬರುವ ಮೌನವನ್ನು ತುಂಬುವುದು ಇನ್ನೂ ಕಷ್ಟ. ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಆ ಮೌನವನ್ನು ಬಂದವರೆಲ್ಲ ನನ್ನ ಮದುವೆಯ ಮಾತಿನಿಂದ ತುಂಬುತ್ತಿದ್ದರು. ಹಾಗಾಗಿ ಕೊನೆಯ ಅಧ್ಯಾಯ ಬರೆಯಲು ಹೊಸನಗರದಾಚೆ ಇರುವ ಚಿಕ್ಕಪ್ಪನ ಮನೆಗೆ ಹೋದೆ. ಅಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದು ಕೊಟ್ಟಿಗೆಯ ಹಿಂದೆ ಮಾತ್ರ. ನನಗೆ ಅದು ಅನುಕೂಲವೇ ಆಗಿತ್ತು.

ಚಿಕ್ಕಪ್ಪನಿಗೆ ಪೇಟೆಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ. ಮನೆ ಗುಡ್ಡದ ಇಳಿಜಾರಿನಲ್ಲಿದೆ: ಮೇಲೊಂದು ಮನೆ, ಕೆಳಗೊಂದು ಮನೆ, ನಡುವೆ ಇವರದು. ಮಂಗಗಳ ಕಾಟ ಎಲ್ಲರಿಗೂ ಇತ್ತು. ಅವುಗಳನ್ನು ಓಡಿಸಲು ಚಿಕ್ಕಪ್ಪ ಪಿವಿಸಿ ಪೈಪಿನಲ್ಲಿ ಒಂದು ಗನ್ ಮಾಡಿದ. ಅದರಲ್ಲಿ ಗುಂಡಿಲ್ಲ, ಸದ್ದು ಮಾತ್ರ. ಮೊದಲನೆಯದನ್ನು ಮೇಲಿನ ಮನೆಯ ಯಜಮಾನರು ಕೊಂಡರು. ಅವರು ಹೊಡೆದಾಗ ಮಂಗಗಳು ಇಳಿದು ಕೆಳಗಿನ ಮನೆಗೆ ಹೋದವು. ಕೆಳಗಿನ ಮನೆಯ ಯಜಮಾನರು ಅಂಗಡಿಗೆ ಬಂದು, ತಮಗೂ ಒಂದು ಬೇಕು, ಮೇಲಿನವರದಕ್ಕಿಂತ ಒಂದು ಗೇಣು ಉದ್ದ ಇರಲಿ ಎಂದರು. ಮಂಗಗಳು ಗುಡ್ಡ ಹತ್ತಿದವು. ಮೇಲಿನವರು ಇನ್ನೂ ದಪ್ಪದ್ದಕ್ಕೆ ಆರ್ಡರ್ ಕೊಟ್ಟರು. ಚಿಕ್ಕಪ್ಪ ಸಾಗರಕ್ಕೆ ಹೋಗಿ ದಪ್ಪ ಪೈಪು ತಂದ. ನಾನು ಹೋಗುವ ಹೊತ್ತಿಗೆ ಎರಡು ಮನೆಯವರೂ ಪರಸ್ಪರ ಮಾತು ಬಿಟ್ಟಿದ್ದರು. ಚಿಕ್ಕಪ್ಪನ ಜೊತೆ ಮಾತ್ರ ಇಬ್ಬರೂ ಚೆನ್ನಾಗಿದ್ದರು.

ನಾನು ಹಗಲೆಲ್ಲ ಬರೆಯುತ್ತಿದ್ದುದೂ ಇಂಥದ್ದನ್ನೇ. ಟರ್ಕಿ ಪಶ್ಚಿಮದ ಸೇನಾ ಕೂಟದಲ್ಲಿದ್ದುಕೊಂಡೇ ರಷ್ಯಾದಿಂದ ಕ್ಷಿಪಣಿ ವ್ಯವಸ್ಥೆ ಕೊಂಡಿತು, ಉಕ್ರೇನಿಗೆ ಡ್ರೋನ್ ಮಾರಿತು, ಆಮೇಲೆ ಇಬ್ಬರನ್ನೂ ತನ್ನ ಮನೆಗೆ ಕರೆದು ಮಾತಿಗೆ ಕೂರಿಸಿತು. ಊಟದ ಹೊತ್ತಿನಲ್ಲಿ ಇದನ್ನು ವಿವರಿಸಿದಾಗ ಚಿಕ್ಕಪ್ಪ ಬಹಳ ಮೆಚ್ಚಿಕೊಂಡ. ವ್ಯಾಪಾರ ಗೊತ್ತಿರುವ ದೇಶ ಎಂದ.

ನಡುವಿನ ನಮ್ಮ ಮನೆಯಲ್ಲಿ ಮಾತ್ರ ಗನ್ ಇರಲಿಲ್ಲ. ಹತ್ತಿರದಲ್ಲಿ ಸದ್ದಾದರೆ ಆಕಳು ಹಾಲು ಬಿಡುವುದಿಲ್ಲ ಎಂದು ಚಿಕ್ಕಮ್ಮ ಅದನ್ನು ಅಂಗಳಕ್ಕೇ ಸೇರಿಸಿರಲಿಲ್ಲ. ಅಲ್ಲಿಯವರೆಗೆ ಮಂಗಗಳು ನಮ್ಮಲ್ಲಿ ಹಾದುಹೋಗುತ್ತಿದ್ದವೇ ಹೊರತು ತಂಗುತ್ತಿರಲಿಲ್ಲ. ಚಿಕ್ಕಮ್ಮನ ಚಿಂತೆ ಇದ್ದದ್ದು ಒಂದೇ, ಕೊಟ್ಟಿಗೆಯ ಪಕ್ಕದ ಅಪ್ಪೆಮಿಡಿ ಮಾವಿನ ಮರ. ಜೀರಿಗೆಯ ಪರಿಮಳದ ಮಿಡಿ ಅದರದು. ಹೋದ ವರ್ಷ ಒಂದೂ ಬಿಟ್ಟಿರಲಿಲ್ಲ. ಈ ಸಲ ಎಲೆಗಿಂತ ಮಿಡಿಯೇ ಹೆಚ್ಚಿತ್ತು. ಉಪ್ಪಿನಕಾಯಿಗೆ ಆಗುವಷ್ಟು ದಪ್ಪವಾಗಲು ಇನ್ನೊಂದು ವಾರ ಬೇಕು. ಅಷ್ಟರೊಳಗೆ ಮಂಗಗಳ ಕಣ್ಣು ಬಿದ್ದರೆ ಮುಗಿಯಿತು. ದಿನಾ ಬೆಳಿಗ್ಗೆ ಅವಳು ಮರದ ಕೆಳಗೆ ನಿಂತು ಮೇಲೆ ನೋಡಿ ಒಳಗೆ ಬರುತ್ತಿದ್ದಳು.

ನನ್ನ ಕೊನೆಯ ಅಧ್ಯಾಯ ಮಧ್ಯಸ್ಥಿಕೆಯ ಬಗ್ಗೆ ಇತ್ತು. ಎರಡು ಮನೆಯವರನ್ನೂ ಕೂರಿಸಿ ಮಾತಾಡಿದರೆ ಹೇಗೆ ಎಂದು ನಾನೇ ಕೇಳಿದೆ. ನಾನಾಗಿ ಮುಂದೆ ಬರುವುದು ಅಪರೂಪವಾದ್ದರಿಂದ ಯಾರೂ ಬೇಡ ಎನ್ನಲಿಲ್ಲ. ಚಿಕ್ಕಪ್ಪ ಎರಡೂ ಕಡೆ ಹೋಗಿ, "ನಮ್ಮನೆ ಕೂಸು ಯುದ್ಧದಲ್ಲೇ ಡಾಕ್ಟರೇಟ್ ಮಾಡ್ತಾ ಇದ್ದು" ಎಂದು ಹೇಳಿ ಬಂದ.

ಇಬ್ಬರು ಯಜಮಾನರೂ ಬಂದು ಜಗಲಿಯ ಎರಡು ತುದಿಯಲ್ಲಿ ಕುಳಿತರು. ಕುಳಿತವರೇ ಎಲೆಯಡಿಕೆ ತಟ್ಟೆ ಎಳೆದುಕೊಂಡು ಬಾಯಿ ತುಂಬ ಕವಳ ಹಾಕಿಕೊಂಡರು. ಬಾಯಲ್ಲಿ ಎಲೆಯಡಿಕೆ ಇರುವವರೆಗೆ ಮೊದಲು ಮಾತಾಡಬೇಕಾದ ಕಷ್ಟವಿಲ್ಲ. ಕಾಫಿ ಆರಿತು. ಇಬ್ಬರೂ ಮುಖ ಮೇಲೆತ್ತಿ ನನ್ನ ಮಾತಿಗೆಲ್ಲ "ಉಂ" ಎನ್ನುತ್ತಿದ್ದರು. ಕೊನೆಗೆ ಮೇಲಿನ ಮನೆಯವರು ಎದ್ದು ಹೋಗಿ ಉಗುಳಿ ಬಂದರು.

"ಅವ್ರ ಪೈಪು ಅಷ್ಟುದ್ದ ಇರೋದೇ ನಮ್ಮನೆಗೆ ಮುಖ ಮಾಡಿ ಹೊಡೆಯಕ್ಕೆ."

"ನೀವು ಮೇಲಿದ್ರೆ ನಾನೆಂತ ಮಾಡ್ಲಿ ಮಾರಾಯ್ರೆ? ಕೆಳಗೆ ಮುಖ ಮಾಡಿ ಹೊಡೆದ್ರೆ ನೆಲ ಓಡ್ತದಾ?"

ನಾನು ಹಾಳೆಯ ಮೇಲೆ ಮೂರು ಮನೆ, ಗುಡ್ಡ, ಅದರಾಚೆ ಹುಲಿಕಲ್ ಕಡೆಯ ಕಾಡು, ಎಲ್ಲವನ್ನೂ ಬರೆದು ತೋರಿಸಿದೆ. ಒಬ್ಬರು ಹೊಡೆದಾಗ ಮಂಗ ಇನ್ನೊಬ್ಬರಲ್ಲಿಗೆ ಹೋಗುತ್ತದೆ. ಆದ್ದರಿಂದ ಇಬ್ಬರೂ ಒಟ್ಟಿಗೆ ಹೊಡೆಯಬೇಕು. ಸಾಗರದ ಬಸ್ಸು ತಿರುವಿನಲ್ಲಿ ಹಾರ್ನ್ ಹಾಕಿದ್ದೇ ಗುರುತು. ಆಗ ಮಂಗಗಳಿಗೆ ಉಳಿಯುವುದು ಕಾಡಿನ ದಾರಿ ಒಂದೇ. ಬಾಣದ ಗುರುತುಗಳನ್ನೆಲ್ಲ ಕಾಡಿನ ಕಡೆಗೇ ಹಾಕಿದ್ದೆ. ಇಬ್ಬರೂ ಹಾಳೆಯನ್ನು ತಿರುಗಿಸಿ ನೋಡಿ ಒಪ್ಪಿದರು. ಕೆಳಗಿನ ಮನೆಯವರು ಹೊರಡುವಾಗ, ಓದಿದವರು ಓದಿದವರೇ ಎಂದರು. ಆ ಸಂಜೆ ನಾನು ಅಧ್ಯಾಯದ ಉಪಸಂಹಾರವನ್ನು ಸಾಕಷ್ಟು ಆತ್ಮವಿಶ್ವಾಸದಿಂದ ಬರೆದೆ.

ಮರುದಿನ ಬೆಳಿಗ್ಗೆ ಬಸ್ಸು ಹಾರ್ನ್ ಹಾಕಿತು. ಮೇಲೂ ಕೆಳಗೂ ಒಂದೇ ಸಲ ಢಮಾರ್ ಎಂದಿತು. ಒಪ್ಪಂದ ಅಕ್ಷರಶಃ ಪಾಲನೆಯಾಯಿತು. ಮೇಲಿನ ಮಂಗಗಳು ಇಳಿದು ಬಂದವು, ಕೆಳಗಿನವು ಹತ್ತಿ ಬಂದವು. ಸದ್ದಿಲ್ಲದ ಮನೆ ಗುಡ್ಡದಲ್ಲಿ ಒಂದೇ ಇತ್ತು. ಎರಡು ಹಿಂಡೂ ಅಪ್ಪೆಮಿಡಿ ಮರದಲ್ಲಿ ಕುಳಿತವು. ಒಂದು ಮಿಡಿ ಕಚ್ಚಿ, ಹುಳಿಗೆ ಮುಖ ಕಿವುಚಿ ಎಸೆದು, ಪಕ್ಕದ್ದು ಸಿಹಿ ಇರಬಹುದೆಂದು ಅದನ್ನೂ ಕಚ್ಚುತ್ತಿದ್ದವು.

ಚಿಕ್ಕಮ್ಮ ಹಾಲಿನ ಚೊಂಬು ಹಿಡಿದು ಕೊಟ್ಟಿಗೆಯಿಂದ ಹೊರಗೆ ಬಂದಳು. ದನಿ ಏರಿಸಲಿಲ್ಲ.

"ಕೂಸೇ, ಒಪ್ಪಂದ ಆಗಿದ್ದು ಮಂಗನ ಹತ್ರ ಹೇಳಿದ್ಯನೇ?"

ಅಂಗಡಿಯಿಂದ ಒಂದು ಗನ್ ತರುತ್ತೇನೆ ಎಂದು ಚಿಕ್ಕಪ್ಪ ಬೈಕ್ ಹತ್ತಿದ. ಚಿಕ್ಕಮ್ಮ ಅವನನ್ನು ಇಳಿಸಿದಳು. ಸಹಾಯ ಕೇಳಲು ಮೇಲಿನ ಮನೆಗೆ ಮೊದಲು ಹೋದರೆ ಕೆಳಗಿನವರಿಗೆ ಸಿಟ್ಟು, ಕೆಳಗೆ ಮೊದಲು ಹೋದರೆ ಮೇಲಿನವರಿಗೆ. ಅವಳು ಅಂಗಳದ ನಡುವೆ ನಿಂತು ಎರಡೂ ಕಡೆಗೆ ಕೇಳುವಂತೆ ಕೂಗಿದಳು: ಮಿಡಿ ಹೋಗುತ್ತಿದೆ, ಈ ವರ್ಷ ಉಪ್ಪಿನಕಾಯಿ ಬೇಕಾದವರು ಈಗಲೇ ಬರಬೇಕು, ಪೈಪು ತರಬಾರದು.

ಮರ ಫಲ ಬಿಟ್ಟ ವರ್ಷಗಳಲ್ಲಿ ಎರಡು ಮನೆಗೂ ಒಂದೊಂದು ಭರಣಿ ಹೋಗುತ್ತಿತ್ತು. ಮೇಲಿನವರು ಏಣಿ ತಂದರು, ಕೆಳಗಿನವರು ಹಗ್ಗ ಬುಟ್ಟಿ ತಂದರು. ಜನ ಕಂಡು ಮಂಗಗಳು ಕೊಟ್ಟಿಗೆಯ ಮಾಡಿನ ಮೇಲೆ ಹೋಗಿ ಕುಳಿತವು. ಮಿಡಿಯನ್ನು ತೊಟ್ಟಿನ ಸಮೇತ ಕೊಯ್ಯಬೇಕು, ನೆಲಕ್ಕೆ ಬೀಳಿಸಬಾರದು. ಹಾಗಾಗಿ ಮರ ಹತ್ತಿದ್ದ ಮೇಲಿನ ಮನೆಯವರು ಹಗ್ಗ ಹಿಡಿದು ನಿಂತ ಕೆಳಗಿನ ಮನೆಯವರ ಜೊತೆ ಮಾತಾಡಲೇಬೇಕಾಯಿತು. ಮೊದಲು ಬುಟ್ಟಿ ಬಿಡಿ, ಎಳೆಯಿರಿ ಎಂಬಷ್ಟೇ. ಎರಡನೆಯ ಕೊಂಬೆಗೆ ಬರುವಾಗ ಮಾತು ಬೆಳೆದಿತ್ತು.

"ನಿಮ್ಮ ಪೈಪು ಈಗೀಗ ಹ್ಯಾಗೆ?"

"ಎಂತ ಹ್ಯಾಗೆ? ಸದ್ದು ಮಾತ್ರ. ಮಂಗ ಅತ್ಲಾಗೆ ಹೋಗಿ ಇತ್ಲಾಗೆ ಬರ್ತದೆ."

"ನಮ್ದೂ ಅದೇ. ಇವ್ನು ಇಬ್ರಿಗೂ ಒಂದೇ ಮಾಲು ಕೊಟ್ಟಿದ್ದಾನೆ."

ಏಣಿ ಹಿಡಿದುಕೊಂಡಿದ್ದ ಚಿಕ್ಕಪ್ಪ ಏಣಿಯನ್ನೇ ನೋಡುತ್ತ ನಿಂತಿದ್ದ.

ಅರ್ಧದಷ್ಟು ಮಿಡಿ ಉಳಿಯಿತು, ಸ್ವಲ್ಪ ಎಳೆಯದಾಗಿಯೇ. ಚಿಕ್ಕಮ್ಮ ಅದನ್ನು ಒರೆಸಿ ಉಪ್ಪಿಗೆ ಹಾಕುತ್ತಿದ್ದಾಗ ಚಿಕ್ಕಪ್ಪ ಮೆಲ್ಲನೆ ಬಂದು ನನ್ನ ಪಕ್ಕ ಕುಳಿತ. ತೀರ್ಥಹಳ್ಳಿ ರಸ್ತೆಯ ಕಡೆಯಿಂದ ಯಾರೋ ಪೈಪು ಕೇಳಿದ್ದಾರಂತೆ.

"ಅಷ್ಟು ದೂರದವ್ಕೆ ಕೊಟ್ರೆ ನಮಗೆಂತ ತೊಂದರೆ ಇಲ್ಲೆ ಅಲ್ದನೇ?"

ಅವರ ಮನೆಯ ಆಚೆ ಈಚೆ ಯಾರಿದ್ದಾರೆ ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಚಿಕ್ಕಮ್ಮ ಉಪ್ಪಿನ ಕೈಯಲ್ಲೇ ಒಂದು ಬುಟ್ಟಿ ಮಿಡಿಯನ್ನು ಅವನ ಮುಂದೆ ತಳ್ಳಿ, ತೊಟ್ಟು ಮುರಿದದ್ದನ್ನೆಲ್ಲ ಬೇರೆ ಮಾಡಲು ಹೇಳಿದಳು. ಆ ದಿನ ಅಂಗಡಿ ತೆರೆಯಲಿಲ್ಲ.