ಬಾವಿ ಪಕ್ಕದ ಕೊಟ್ಟಿಗೆ

ಮರಾಠಿ ಸೀಮೆಯ ನಿಗಡಿಯಲ್ಲಿ ನಮ್ಮ ಮನೆಯ ಹಿಂದೆ ಏಳು ಎಮ್ಮೆಗಳಿದ್ದವು. ಸುತ್ತಲೂ ಅಪಾರ್ಟ್‌ಮೆಂಟುಗಳು ಎದ್ದ ಮೇಲೆ ಸಗಣಿಯ ವಾಸನೆಯ ದೂರು ಹೆಚ್ಚಿ, ಮಳೆಗಾಲದೊಳಗೆ ಅವನ್ನು ಸಾಗಿಸಲೇಬೇಕಾಯಿತು. ತಳೇಗಾಂವದಾಚೆ ಅಪ್ಪ ಎರಡು ಎಕರೆ ಕೊಂಡಿಟ್ಟಿದ್ದರು. ಕೊಟ್ಟಿಗೆ ಎಲ್ಲಿ ಕಟ್ಟುವುದು ಎಂಬುದೊಂದೇ ಉಳಿದಿತ್ತು.

ಏಪ್ರಿಲ್‌ನ ಮೂರು ಭಾನುವಾರ ಟೇಪು ಹಿಡಿದು ಅಳೆದೆ. ಜಾಗ ಎರಡೇ: ರಸ್ತೆ ಬದಿಯ ದಿಬ್ಬ, ಇಲ್ಲವೇ ಬಾವಿ ಪಕ್ಕದ ತಗ್ಗು. ದಿಬ್ಬಕ್ಕೆ ನೀರು ದೂರ, ಗಾಳಿಯೂ ನೇರ ಹೊಡೆಯುತ್ತಿತ್ತು. ಆದರೂ ಅಮ್ಮ ದಿಬ್ಬವೇ ಇರಲಿ ಎಂದಳು. ಅವಳ ತವರು ಖಾನಾಪುರದ ಮಳೆಸೀಮೆ. ಅಪ್ಪ ವಿಜಯಪುರದವರು.

"ನಮ್ಮ ಕಡೆ ದನದ ಮನಿ ಯಾವಾಗ್ಲೂ ತಗ್ಗಿನಾಗ," ಎಂದರು ಅಪ್ಪ. "ನೆಲಾನೂ ಒಂದು ಮೊಳ ಅಗೀತೀವಿ. ಗಂಜಲ ಕುಡದ ಮಣ್ಣು ಬ್ಯಾಸಿಗ್ಯಾಗ ತಗದು ಹೊಲಕ್ಕ ಹಾಕಿದ್ರ ಬಂಗಾರ!"

"ಇದು ವಿಜಾಪುರ ಅಲ್ರಿ. ಇಲ್ಲಿ ಮಳಿ ನಾಕ್ ತಿಂಗಳು ಬಿಡೂದಿಲ್ಲ."

"ಕಪ್ಪಿ ವಟಗುಟ್ಟೂ ಊರಿನಾಕಿ! ನಿನಗ ಎಲ್ಲಾ ಕಡೆ ನೀರ ಕಾಣತಾವ."

ಅಮ್ಮ ನಗಲಿಲ್ಲ. "ನನ್ನ ಎಮ್ಮಿ ಗಬ್ಬ ಅದ. ಅದು ಕೆಸರಾಗ ನಿಲ್ಲಬಾರದು, ಅಷ್ಟ." ತವರಿನಿಂದ ಕರುವಾಗಿ ತಂದು ಸಾಕಿದ ಎಮ್ಮೆ ಅದು. ಅದಕ್ಕೆ ಮೇವು ಹಾಕದೆ ಅವಳು ಉಣ್ಣುತ್ತಿರಲಿಲ್ಲ.

ಮೇ ಕೊನೆಗೆ ತಗ್ಗಿನಲ್ಲೇ ಕೊಟ್ಟಿಗೆ ಎದ್ದಿತು, ನೆಲವನ್ನು ಮೊಳದಷ್ಟು ಅಗೆದು. ತಗಡು ಭದ್ರವಾಗಿತ್ತು, ಜುಲೈನಲ್ಲಿ ಮೇಲಿನಿಂದ ಒಂದು ಹನಿಯೂ ಸೋರಲಿಲ್ಲ. ನೀರು ನೆಲದೊಳಗಿಂದ ಎದ್ದಿತು. ಬುಟ್ಟಿಗಟ್ಟಲೆ ಮಣ್ಣು, ಕಲ್ಲಿನ ಪುಡಿ ಸುರಿದೆವು. ಬೆಳಿಗ್ಗೆ ಮತ್ತೆ ಕೆಸರೇ. ನಾನು ವಾರಕ್ಕೊಮ್ಮೆ ಹಾಲಿನ ಲೆಕ್ಕ ಕೂಡಿಸುತ್ತಿದ್ದೆ, ಪ್ರತಿ ವಾರ ಇಳಿಯುತ್ತಿತ್ತು. ಎಮ್ಮೆಗಳು ಒಂದೊಂದೇ ಕಾಲು ಎತ್ತಿ ನಿಲ್ಲುತ್ತಿದ್ದವು. ಗೊರಸಿನ ಸಂದು ಕೊಳೆಯತೊಡಗಿತ್ತು. ಕೊನೆಗೆ ಅಮ್ಮನ ಎಮ್ಮೆ ಮಲಗಿತು, ಏಳಲಿಲ್ಲ. ಹೊಟ್ಟೆಯಡಿ ಗೋಣಿ ಹಾಕಿ ಎತ್ತಿದೆವು. ಮುಂಗಾಲು ನಡುಗಿ ಮತ್ತೆ ಕುಸಿಯಿತು. ದನದ ಡಾಕ್ಟರು ಎರಡು ಸಲ ಬಂದು ಸೂಜಿ ಹಾಕಿದರು. ಹೊಟ್ಟೆಯ ಕರುವಿನೊಂದಿಗೇ ಅದು ಸತ್ತಿತು.

ಹೂಳಲು ತಗ್ಗಿನಲ್ಲಿ ತೋಡಿದ ಗುಂಡಿ ತೋಡುತ್ತಿದ್ದಂತೆ ನೀರಿನಿಂದ ತುಂಬಿತು. ಒಣ ನೆಲ ಇದ್ದದ್ದು ದಿಬ್ಬದಲ್ಲಿ ಮಾತ್ರ. ಜೆಸಿಬಿ ಅಲ್ಲಿ, ನಡುಮಧ್ಯೆ, ಗುಂಡಿ ತೆಗೆಯಿತು. ಉಳಿದ ಆರು ಎಮ್ಮೆಗಳನ್ನು ರಸ್ತೆಯ ಅಂಚಿನಲ್ಲಿ ತಾಡಪತ್ರಿ ಕೆಳಗೆ ಕಟ್ಟಿದೆವು.

ಅಪ್ಪ ಮಳೆಯಲ್ಲಿ ನೆನೆಯುತ್ತಲೇ ಅಮ್ಮನ ಬಳಿ ಬಂದರು. "ಈಗ ಎಲ್ಲಿ ಕಟ್ಟೂಣು? ನೀನ ಹೇಳು."

"ನಾ ಹೇಳಿದ ಜಾಗಾದಾಗ ಈಗ ಅದು ಮಲಗೇದರಿ," ಎಂದಳು ಅಮ್ಮ.

ದಿನಾ ಹಾಲು ಕರೆಯುತ್ತಿದ್ದವಳು ಆ ಸಂಜೆ ಬರಲಿಲ್ಲ.