ಬಾಣಂತಿಗೆ ಹೇಳದ ಸುದ್ದಿ

ನನ್ನ ತಮ್ಮ ಸೈನ್ಯದಲ್ಲಿದ್ದರೂ ಅವನ ಕೈಗೆ ಬಂದೂಕಿಗಿಂತ ಹೆಚ್ಚು ಸಿಕ್ಕಿದ್ದು ಅಕ್ಕಿ, ಸೀಮೆಎಣ್ಣೆ. ಲಡಾಖಿನಲ್ಲಿ, ಎರಡು ದೇಶಗಳು ತಮ್ಮದೆಂದು ಕಚ್ಚಾಡುತ್ತಿದ್ದ ಹಿಮನದಿಯ ಕೆಳಗಿನ ನೆಲೆಗೆ ಲಾರಿಗಳ ಸಾಲನ್ನು ಕರೆದೊಯ್ಯುವುದು ಅವನ ಕೆಲಸ. ಹಿಮ ಬಿದ್ದು ದಾರಿ ಮುಚ್ಚುವ ಮೊದಲು ಮೇಲಿದ್ದವರ ಚಳಿಗಾಲದ ಅನ್ನವೆಲ್ಲ ಅಲ್ಲಿಗೆ ಸೇರಬೇಕು. ರಜೆಗೆ ಬಂದಾಗ, "ಯುದ್ಧ ಗಿದ್ಧ ಏನಿಲ್ಲ ಕಣೇ ಅಕ್ಕ, ನಂದು ದಿನಸಿ ಅಂಗಡಿ. ಗಿರಾಕಿಗಳು ಮಾತ್ರ ಬೆಟ್ಟದ ಮೇಲಿದಾರೆ" ಎಂದು ನಗುತ್ತಿದ್ದ. ಅಮ್ಮ ಆ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಎಂಬತ್ತರ ದಶಕದ ನಡುವೆ ಅವಳು ನನ್ನ ಬಾಣಂತನಕ್ಕೆಂದು ಅಮೆರಿಕದ ಮೌಂಟನ್ ವ್ಯೂಗೆ ಬಂದಳು. ಅಪ್ಪ ಆಗಲೇ ಇರಲಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಹತ್ತಿರವೇ ನೌಕಾಪಡೆಯ ವಿಮಾನ ನೆಲೆ. ವಿಮಾನ ಹಾದುಹೋದಾಗಲೆಲ್ಲ ಕಿಟಕಿಯ ಗಾಜು ನಡುಗುತ್ತಿತ್ತು. ಫ್ರೀವೇಯಿಂದ ಆ ನೆಲೆಯನ್ನು ನೋಡಿ ಅಮ್ಮ ನನ್ನ ಗಂಡನನ್ನು ಕೇಳಿದಳು: "ಇಲ್ಲಿರೋ ಹುಡುಗರಿಗೆ ಊಟದ ಸಾಮಾನು ಯಾರು ತಂದುಕೊಡ್ತಾರೆ?"

"ಲಾರೀಲಿ ಬರುತ್ತೆ ಅತ್ತೆ. ರೋಡು ಚೆನ್ನಾಗಿದೆಯಲ್ಲ."

"ಪುಣ್ಯವಂತರು" ಎಂದಳು.

ಮಗಳು ಹುಟ್ಟಿ ನಾನು ಆಸ್ಪತ್ರೆಯಿಂದ ಬಂದ ಮೇಲೆ ಮನೆ ಅಮ್ಮನ ಆಳ್ವಿಕೆಗೆ ಸೇರಿತು. ತಲೆಗೆ ಸ್ಕಾರ್ಫು, ಕಿವಿಗೆ ಹತ್ತಿ, ಹೊತ್ತು ಹೊತ್ತಿಗೂ ಮೆಣಸಿನ ಸಾರು. ಸಾಂಬ್ರಾಣಿ ಹಾಕಿದ ಮೊದಲ ದಿನವೇ ಸ್ಮೋಕ್ ಅಲಾರಂ ಬಡಿದುಕೊಂಡು, ಎದುರುಮನೆಯ ಮುದುಕ ಚಡ್ಡಿಯಲ್ಲೇ ಓಡಿಬಂದ. ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ಒಂದೆರಡು ದಿನಕ್ಕೆ ಬೆಂಗಳೂರಿನಿಂದ ಚಿಕ್ಕಪ್ಪ ಫೋನ್ ಮಾಡಿದರು, ಮನೆಗಲ್ಲ, ನನ್ನ ಗಂಡನ ಆಫೀಸಿಗೆ. ಹಿಮ ಕುಸಿದು ತಮ್ಮನ ಲಾರಿಯನ್ನು ಕೊಚ್ಚಿಕೊಂಡು ಹೋಗಿತ್ತು. ದೇಹವೂ ಸಿಕ್ಕಿರಲಿಲ್ಲ. ಇವರು ಬಂದು ಅಡುಗೆಮನೆಯಲ್ಲಿ ಅಮ್ಮನಿಗೆ ಹೇಳಿದಾಗ ನಾನು ಕೋಣೆಯಲ್ಲಿ ಮಗುವಿಗೆ ಹಾಲು ಕೊಡುತ್ತಿದ್ದೆ. ಅಮ್ಮ ಸ್ಟವ್ ಆರಿಸಿ, ನನಗೆ ಹೇಳಬಾರದೆಂದು ಅಳಿಯನಿಂದ ಆಣೆ ಹಾಕಿಸಿಕೊಂಡಳಂತೆ. ಬಾಣಂತಿ ಅತ್ತರೆ ಎದೆಹಾಲು ಬತ್ತುತ್ತದೆ ಎಂಬುದು ಒಂದು. ಇನ್ನೊಂದು, ಕಿವಿಗೆ ಬಿದ್ದರೆ ತಾನೇ ಸೂತಕ? ನನಗೆ ತಿಳಿಯದಿದ್ದರೆ ಮಗುವಿನ ನಾಮಕರಣಕ್ಕೆ ಮೈಲಿಗೆಯಿಲ್ಲ. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಈಗಲೂ ನೆನೆದರೆ ಸಿಟ್ಟು ಬರುತ್ತದೆ. ನನ್ನ ತಮ್ಮನಿಗಾಗಿ ನಾನು ಅಳುವುದನ್ನು ತಡೆಯಲು ಇವರಿಬ್ಬರು ಯಾರು?

ಮಗು ಹುಟ್ಟಿದ ಪುರುಡಿನಲ್ಲಿ ದೇವರ ದೀಪ ಹೇಗೂ ಹಚ್ಚುವಂತಿರಲಿಲ್ಲ. ಹಾಗಾಗಿ ಸಾವಿನ ಸೂತಕ ನನ್ನ ಕಣ್ಣಿಗೆ ಬೀಳಲಿಲ್ಲ. ಅಮ್ಮ ಎಂದಿನಂತೆ ಬಾತ್‌ಟಬ್ಬಿನೊಳಗೆ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುತ್ತಿದ್ದಳು. "ಚಳಿ ಶುರುವಾಯ್ತಲ್ಲಮ್ಮ, ದಾರಿ ಮುಚ್ಚಿರುತ್ತೆ. ಇನ್ನು ಅವನ ಚಿಂತೆ ಇಲ್ಲ" ಎಂದು ನಾನೇ ಅವಳಿಗೆ ಸಮಾಧಾನ ಹೇಳಿದೆ. ಹೂಂ ಎಂದಳು.

ಹನ್ನೊಂದನೆಯ ದಿನ ಪುರುಡು ಕಳೆಯಿತು. ಮರುದಿನ ನಾಮಕರಣ. ಪಾಲೋ ಆಲ್ಟೋ, ಫಾಸ್ಟರ್ ಸಿಟಿ ಕಡೆಯಿಂದ ನಾಲ್ಕಾರು ಕನ್ನಡದ ಸಂಸಾರಗಳು ಅಡುಗೆ ಮಾಡಿಕೊಂಡೇ ಬಂದಿದ್ದವು.

"ಅಮ್ಮ, ದೀಪ ಹಚ್ಚು ಬಾ."

"ನಿನ್ನ ಗಂಡ ಹಚ್ಚಲಿ" ಎಂದಳು ಕೋಣೆಯಿಂದಲೇ.

ತೊಟ್ಟಿಲಿಗೆ ಹಾಕಲು ಕರೆದರೂ ಬರಲಿಲ್ಲ. ಮೊಮ್ಮಗಳ ಕಿವಿಯಲ್ಲಿ ಹೆಸರು ಹೇಳಬೇಕೆಂದು ಸಮುದ್ರ ದಾಟಿ ಬಂದವಳು ಇವಳೇ ಏನು ಎಂದು ರೇಗಿಕೊಂಡು ಒಳಗೆ ಹೋದೆ. ಅವಳು ಏನನ್ನೂ ಮುಟ್ಟದೆ, ಮೂಲೆಯಲ್ಲಿ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ನನ್ನೆದುರು ಇಷ್ಟು ದಿನ ಸುಳ್ಳಾಡಿದವಳಿಗೆ ದೇವರೆದುರು ಆಗಿರಲಿಲ್ಲ. ಹೆಂಗಸರು ಹಾಗೆ ದೂರ ನಿಲ್ಲುವುದು ಯಾವಾಗ ಎಂದು ನನಗೆ ಗೊತ್ತಿತ್ತು. ಮುಟ್ಟಿನ ವಯಸ್ಸು ಅವಳಿಗೆ ಎಂದೋ ಕಳೆದಿತ್ತು; ಉಳಿದದ್ದು ಸೂತಕ. ಅವಳಿಗಿದ್ದ ಮಕ್ಕಳು ಇಬ್ಬರೇ.

ನಾನು ಬಾಯಿ ತೆರೆಯುವಷ್ಟರಲ್ಲಿ, "ಕೇಳಬೇಡ. ಮೊದಲು ಮಗೂಗೆ ಹೆಸರಿಡು ಹೋಗು" ಎಂದಳು.

ಹೋದೆ. ಹೆಸರಿಟ್ಟೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಕೇಳದೆ ಇರುವಷ್ಟು ಹೊತ್ತೂ ಅವನು ಬದುಕಿದ್ದಾನೆ ಎಂದುಕೊಂಡು ಪಾಯಸ ಬಡಿಸಿದೆ.

ಕೊನೆಯ ಕಾರು ಹೊರಟ ಮೇಲೆ ಅಮ್ಮ ಎಲ್ಲವನ್ನೂ ಹೇಳಿದಳು. ಅವನ ಮುಂದಿದ್ದ ಲಾರಿಗಳು ನೆಲೆ ಸೇರಿದವಂತೆ, ಮೇಲಿನವರಿಗೆ ಅಕ್ಕಿ ತಲುಪಿತಂತೆ. ನಾನು ಅತ್ತೆ, ಕಿರುಚಿದೆ, ಗಂಡನನ್ನು ಬಾಯಿಗೆ ಬಂದಂತೆ ಬೈದೆ. ಅಮ್ಮ ಕಾರ್ಪೆಟ್ಟಿನ ಮೇಲೆ ಗೋಡೆಗೊರಗಿ ಕೂತು, ನನ್ನ ಅಳು ಮುಗಿಯುವವರೆಗೂ ಕಾದಳು. ಆಮೇಲೆ ಕೇಳಿದಳು:

"ನಾನಿನ್ನೂ ಅತ್ತಿಲ್ಲ ಕಣೇ. ಈಗ ಅಳಬಹುದಾ?"