ಎಡ ಮಗ್ಗುಲಿನ ಸುಳಿ

ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡ ಕೈಯನ್ನು ಸರಿಯಾಗಿ ಒರೆಸಿಕೊಳ್ಳದೆ ಟ್ಯಾಬ್ ಮುಟ್ಟಿದ್ದು ನನ್ನದೇ ತಪ್ಪು. ಗಾಜಿನ ಮೇಲೆ ಬೆರಳಗಲದ ಜಿಡ್ಡು ಕೂತಿತು. ಕೂತದ್ದಾದರೂ ಎಲ್ಲಿ? ನಾಲ್ಕು ದಿನದಿಂದ ನಾನು ಬಣ್ಣ ಬಳಿಯುತ್ತಿದ್ದ ಎತ್ತಿನ ಬೆನ್ನಿನ ಮೇಲೆ, ಹಿಣಿಲು ಎನ್ನುವ ಹೆಗಲ ಡುಬ್ಬದ ಹಿಂದೆ, ಎಡ ಮಗ್ಗುಲಿಗೆ. ಒರೆಸಲು ವೇಲು ಎತ್ತಿದವಳು ಹಾಗೇ ಕೂತೆ. ಅದೇ ಎಣ್ಣೆಯ ವಾಸನೆ, ಅದೇ ಜಾಗ... ಊರಿನ ಪಕ್ಕದ ಮನೆಯ ತಾತ ನೆನಪಾದರು.

ಮಂಡ್ಯದ ಗುತ್ತಲಿನ ಈ ಬಾಡಿಗೆ ಮನೆಯಲ್ಲಿ ಕೂತು ನಾನು ಮಾಡುವ ಕೆಲಸ ಏನೆಂದು ಅಪ್ಪನಿಗೆ ಇವತ್ತಿಗೂ ಪೂರ್ತಿ ಅರ್ಥವಾಗಿಲ್ಲ. ಯಾರೋ ಕಂಪ್ಯೂಟರಿನಲ್ಲಿ ಆಕಾರ ಮಾಡಿ ಕಳಿಸುತ್ತಾರೆ. ಕುರ್ಚಿಯೋ ಮರವೋ ದನವೋ, ಎಲ್ಲವೂ ಬೂದಿ ಬಣ್ಣದ ಬೋಳು ಗೊಂಬೆ. ಅದನ್ನು ಟ್ಯಾಬಿನಲ್ಲಿ ಸುತ್ತಲೂ ತಿರುಗಿಸುತ್ತಾ, ಪೆನ್ನಿನಿಂದ ಬಣ್ಣ, ಕೂದಲು, ಕೊಳೆ, ಗೀರು ಎಲ್ಲ ಬರೆಯುವುದು ನನ್ನ ಪಾಲು. ಈ ಸಲ ಬಂದದ್ದು ಮಕ್ಕಳ ಪಾಠಕ್ಕೆ ಬೇಕಾದ ಹಳ್ಳಿಕಾರ್ ತಳಿಯ ಎತ್ತು. ಮಂಡ್ಯದವಳಲ್ಲವೇ, ನೀನೇ ಮಾಡು ಎಂದರು. ನಾನೂ ಉಬ್ಬಿಹೋದೆ. ಬೇಗ ಮುಗಿಯಲಿ ಎಂದು ಮಿರರ್ ಆನ್ ಮಾಡಿಕೊಂಡೆ. ಅದು ಆನ್ ಇದ್ದರೆ ಬಲಗಡೆ ಬರೆದದ್ದು ಎಡಗಡೆಗೂ ತಾನಾಗಿ ಬೀಳುತ್ತದೆ, ಅರ್ಧ ಕೆಲಸ ಉಳಿಯುತ್ತದೆ. ಎತ್ತು ಲಕ್ಷಣವಾಗಿಯೇ ಬಂತು, ಜೀವ ಮಾತ್ರ ಬರಲಿಲ್ಲ. ಏನು ತಪ್ಪಿದೆ ಎಂದು ತಲೆ ಕೆಡಿಸಿಕೊಂಡು ಕೂತಿದ್ದೆ. ಈಗ ನೋಡಿದರೆ ಜಿಡ್ಡು ಬಿದ್ದ ಆ ಒಂದು ಮಗ್ಗುಲು ಮಾತ್ರ ನಿಜವಾದ ಎತ್ತಿನದರಂತೆ ಕಾಣುತ್ತಿತ್ತು.

ತಾತ ನಮಗೆ ನೆಂಟರಲ್ಲ. ಮಂಡ್ಯ ಕಡೆಯ ಕೊಪ್ಪದ ಹತ್ತಿರದ ನಮ್ಮ ಹಳ್ಳಿಯಲ್ಲಿ ಗೋಡೆಗೆ ಗೋಡೆ ಅಂಟಿಕೊಂಡ ಮನೆ ಅವರದು. ಸುತ್ತಲ ಊರಿನವರು ಎತ್ತು ಕೊಳ್ಳುವ ಮುಂಚೆ ಸುಳಿ ನೋಡಲು ಅವರನ್ನು ಕರೆದೊಯ್ಯುತ್ತಿದ್ದರು. ದನದ ಮೈಮೇಲೆ ಕೂದಲು ಸುತ್ತಿಕೊಂಡು ಬೆಳೆಯುವ ಜಾಗವೇ ಸುಳಿ. ಅದು ಇಂಥ ಕಡೆ ಇದ್ದರೆ ಮನೆಗೆ ಒಳ್ಳೆಯದು, ಇಂಥ ಕಡೆ ಇದ್ದರೆ ಕೇಡು ಎಂಬ ನಂಬಿಕೆ. ತಾತ ಎತ್ತಿನ ಮುಖವನ್ನು ಮೊದಲು ನೋಡುತ್ತಿರಲಿಲ್ಲ. ನೋಡಿದರೆ ಆಸೆ ಹುಟ್ಟುತ್ತದೆ, ಆಮೇಲೆ ಕೈ ಸುಳ್ಳು ಹೇಳುತ್ತದೆ ಎನ್ನುತ್ತಿದ್ದರು. ಬಾಲದ ಕಡೆಯಿಂದ ಶುರು ಮಾಡಿ, ಕಣ್ಣು ಮುಚ್ಚಿ, ಅಂಗೈ ಆಡಿಸುತ್ತಾ ಬಲ ಮಗ್ಗುಲು ಮುಗಿಸುವರು. ಮತ್ತೆ ಬಾಲಕ್ಕೆ ಬಂದು ಎಡ ಮಗ್ಗುಲು. ಅದ್ಯಾಕೆ ಎರಡೆರಡು ಸಲ ಎಂದು ನಾನೊಮ್ಮೆ ಕೇಳಿದ್ದೆ.

“ಒಂದು ಮಗ್ಲು ನೋಡಿ ತಂದೋನು ಅರ್ದ ಎತ್ತು ತಂದಂಗೆ ಕಣವ್ವ. ಆ ಕಡೆದೇ ಬ್ಯಾರೆ, ಈ ಕಡೆದೇ ಬ್ಯಾರೆ.”

ಆಗ ನನಗೆ ಒಂಬತ್ತೋ ಹತ್ತೋ. ನಮ್ಮ ಹಸು ಈದ ಹೋರಿ ನನ್ನ ಕೈಯಲ್ಲೇ ಬೆಳೆದಿತ್ತು. ನನ್ನ ದನಿ ಕೇಳಿದರೆ ಸಾಕು, ಗೂಟ ಕಿತ್ತುಕೊಂಡು ಬರುವಷ್ಟು ಎಳೆಯುತ್ತಿತ್ತು. ಅದರ ಹಿಣಿಲಿನ ಹಿಂದೆ ಎಡಕ್ಕೆ ಒಂದು ಸುಳಿ. ಅದು ಯಜಮಾನನನ್ನು ತಿನ್ನುವ ಸುಳಿಯಂತೆ. ಒಂಟಿ ಹೋರಿ ಕಟ್ಟಿಕೊಂಡು ಉಳುವುದು ಹೇಗೆ ಎಂದು ಅಪ್ಪ ಮಾರಲು ಹೊರಟ. ಮಳವಳ್ಳಿ ಕಡೆಯ ರೈತನೊಬ್ಬ ತನ್ನ ಎತ್ತಿಗೆ ಜೋಡಿ ಹುಡುಕುತ್ತಿದ್ದ. ಪಕ್ಕದ ಮನೆಯವರು ಎಂದು ಗೊತ್ತಿದ್ದೂ ತಾತನೇ ನೋಡಿ ಹೇಳಲಿ ಎಂದಿದ್ದ, ಅವರ ಮಾತು ಅಷ್ಟು ನಡೆಯುತ್ತಿತ್ತು. ಅವನು ಬೇಡವೆಂದರೆ ಮುಂದೆ ತೂಕಕ್ಕೆ ಕೊಳ್ಳುವವರ ಲಾರಿ. ತೂಕಕ್ಕೆ ಹೋದ ದನ ಯಾರ ಗದ್ದೆಯನ್ನೂ ಉಳುವುದಿಲ್ಲ ಎಂದು ನನಗೂ ಗೊತ್ತಿತ್ತು.

ಮಾರಬೇಡ ಎಂದು ಅತ್ತು ನೋಡಿದೆ, ಮುದ್ದೆ ಮುಟ್ಟದೆ ಕೂತೆ, ಯಾವುದೂ ನಡೆಯಲಿಲ್ಲ. ಅವನು ಬರುವ ದಿನ ಬೆಳಿಗ್ಗೆ ಅವ್ವನ ಕಣ್ಣು ತಪ್ಪಿಸಿ ಕೊಬ್ಬರಿ ಎಣ್ಣೆ ಕದ್ದೆ. ಅದಕ್ಕೆ ನೀರೊಲೆಯ ಮಸಿ ಕಲೆಸಿದೆ. ಹೋರಿಯ ಬೆನ್ನಿನ ಕೂದಲನ್ನು ಅವ್ವನ ಬಾಚಣಿಗೆಯಲ್ಲೇ ಒಪ್ಪವಾಗಿ ಹಿಂದಕ್ಕೆ ಬಾಚಿ, ಮೈಬಣ್ಣಕ್ಕೆ ಹೊಂದುವ ಹಾಗೆ ಬಳಿದೆ. ಸುಳಿ ಮಾಯ. ಹೇಳಿಕೊಳ್ಳುವಂಥ ಕೆಲಸವಲ್ಲ, ಆದರೂ ಹೇಳುತ್ತೇನೆ, ಕೆಲಸ ಅಚ್ಚುಕಟ್ಟಾಗಿತ್ತು. ಬಂದವನು ಎರಡು ಸುತ್ತು ಹಾಕಿದರೂ ಅವನ ಕಣ್ಣಿಗೆ ಬೀಳಲಿಲ್ಲ. ತಾತನಿಗಂತೂ ಆ ಸುಳಿ ಹೋರಿ ಹುಟ್ಟಿದ ದಿನದಿಂದ ಗೊತ್ತು. ಆದರೆ ನಮ್ಮ ಮನೆಯ ಸಾರು ಉಣ್ಣುವವರು, ನನ್ನ ಮುಖ ನೋಡಿಯಾದರೂ ಸುಮ್ಮನಿರುತ್ತಾರೆ ಎಂದು ನಂಬಿದ್ದೆ.

ಬಲ ಮಗ್ಗುಲು ಮುಗಿಯಿತು. ತಾತ ಎಡಕ್ಕೆ ಬಂದರು. ಹಿಣಿಲಿನ ಹಿಂದೆ ಕೈ ನಿಂತಿತು. ಕಣ್ಣು ಬಿಟ್ಟು ಅಂಗೈ ನೋಡಿಕೊಂಡರು, ಕಪ್ಪಗಾಗಿತ್ತು. ಮೂಸಿದರು. ಆಮೇಲೆ ತಿರುಗಿ, ಎಣ್ಣೆ ಹಚ್ಚಿ ಎರಡು ಜಡೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದರು... ನಾನು ಕಣ್ಣಲ್ಲೇ ಬೇಡಿಕೊಂಡೆ.

“ಸುಳಿ ಐತೆ ಕಣಪ್ಪ,” ಎಂದರು ಬಂದವನಿಗೆ. “ನಂಬ್ದೆ ಇರೋನಾದ್ರೆ ತಕ್ಕಂಡೋಗು. ನಂಬೋನಾದ್ರೆ ಬ್ಯಾಡ.”

ಅವನು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟ. ಅಪ್ಪ ತಲೆ ಮೇಲೆ ಕೈ ಹೊತ್ತು ಕೂತ. ನಾನು ತಾತನಿಗೆ ಬಾಯಿಗೆ ಬಂದದ್ದೆಲ್ಲ ಅಂದೆ. ನಿನ್ನ ಕೈ ಸೇದಿಹೋಗ ಎಂದೂ ಅಂದೆ. ಅವ್ವ ಬೆನ್ನಿಗೆ ನಾಲ್ಕು ಬಿಟ್ಟಳು. ತಾತ ಕೋಪ ಮಾಡಿಕೊಳ್ಳಲಿಲ್ಲ. ನಮ್ಮ ಬಚ್ಚಲಿನಲ್ಲೇ ಬೂದಿ ಹಾಕಿ ಕೈ ಉಜ್ಜಿ ಉಜ್ಜಿ ತೊಳೆದು ಮನೆಗೆ ಹೋದರು.

ಮರುದಿನ ಬೆಳಿಗ್ಗೆ ಹಗ್ಗ ಹಿಡಿದು ಬಂದರು. ಅವರ ಜೋಡಿಯಲ್ಲೂ ಒಂದು ಎತ್ತು ಹಿಂದಿನ ವರ್ಷ ಸತ್ತಿತ್ತು. ಅಪ್ಪನೇ ಬೇಡ ಎಂದ. ಊರಿಗೆಲ್ಲ ಸುಳಿ ಹೇಳುವ ನೀವೇ ಹೀಗೆ ಮಾಡಿದರೆ ಹೇಗೆ, ನಾಳೆ ನಿಮಗೆ ಏನಾದರೂ ಆದರೆ ಜನ ನನ್ನ ಬಾಯಿಗೆ ಮಣ್ಣು ಹಾಕುತ್ತಾರೆ ಎಂದ. ಗೋಡೆಯಾಚೆ ಅಜ್ಜಿ ಕೂಗಾಡುತ್ತಿದ್ದರು. ತಾತ ಗೂಟದಿಂದ ಹೋರಿ ಬಿಚ್ಚುತ್ತಲೇ ಇದ್ದರು.

“ಸುಳಿ ಎಲ್ಲೈತೆ ಅಂತ ಯೋಳೋದು ನನ್ ಕೆಲ್ಸ ಕಣ್ಲಾ. ಎದ್ರುಕೊಳ್ಳೋದು ನನ್ ಕೆಲ್ಸ ಅಲ್ಲ.” ಆಮೇಲೆ ನನ್ನ ಕಡೆ ತಿರುಗಿದರು. “ಮುಚ್ಬಾರ್ದು ಕಣ್ ಮಗ. ಇರೋದ್ನ ಇದ್ದಂಗೆ ತೋರ್ಸು. ಬೇಕಾದೋನು ಕಟ್ಕತಾನೆ.”

ಕಟ್ಟಿಕೊಂಡರು. ವರ್ಷಗಟ್ಟಲೆ ಉತ್ತರು, ಗಾಡಿ ಕಟ್ಟಿ ಕಬ್ಬು ಹೊಡೆದರು. ಎತ್ತು ವಯಸ್ಸಾಗಿ ಸತ್ತು ಮೂರು ವರ್ಷವಾದ ಮೇಲೆ, ಎಂಬತ್ತು ದಾಟಿದ ತಾತ ಜಗಲಿಯಲ್ಲಿ ಕೂತಲ್ಲೇ ಹೋದರು. ಕೊನೆಗೂ ಸುಳಿ ತಿಂತು ನೋಡು ಎಂದು ಊರು ಮಾತಾಡಿಕೊಂಡಿತಂತೆ! ಇವರ ಬಾಯಿಗೆ ಬೀಗ ಹಾಕುವವರು ಯಾರು. ನಾನಾಗ ಮಂಡ್ಯದಲ್ಲಿ ಕೆಲಸಕ್ಕೆಂದು ಪರೀಕ್ಷೆ ಬರೆಯುತ್ತಿದ್ದೆ, ಮಣ್ಣಿಗೂ ಹೋಗಲಾಗಲಿಲ್ಲ. ಅವತ್ತು ಅಂದ ಮಾತಿಗೆ ತಪ್ಪಾಯಿತು ತಾತ ಎಂದು ಒಂದು ದಿನವೂ ಹೇಳಿರಲಿಲ್ಲ. ದಿನಾ ನೋಡುವವರಲ್ಲವೇ, ಯಾವತ್ತಾದರೂ ಹೇಳಿದರಾಯಿತು ಎಂದುಕೊಂಡಿದ್ದೆ... ಆ ನೋವು ಇನ್ನೂ ಇದೆ.

ಜಿಡ್ಡು ಒರೆಸಿದೆ. ಮಿರರ್ ಆಫ್ ಮಾಡಿದೆ. ನಾಲ್ಕು ದಿನದ ಕೆಲಸವನ್ನು ಪೂರ್ತಿ ಅಳಿಸಿ, ಬಾಲದ ಕಡೆಯಿಂದ ಶುರು ಮಾಡಿದೆ. ಒಪ್ಪಿಸಲು ಉಳಿದಿದ್ದದ್ದು ಎರಡೇ ದಿನ. ಬಲ ಮಗ್ಗುಲು ಮುಗಿಸಿ, ಮತ್ತೆ ಬಾಲಕ್ಕೆ ಬಂದು ಎಡ ಮಗ್ಗುಲನ್ನು ಬೇರೆಯಾಗಿಯೇ ಬರೆದೆ. ಹಿಣಿಲಿನ ಹಿಂದೆ ಆ ಸುಳಿಯನ್ನು, ಒಂದೊಂದು ಕೂದಲೂ ತಿರುಗುವ ಹಾಗೆ ಇಟ್ಟೆ. ಕೆಲಸ ನೋಡುವ ಮೇಲಿನವರು ಫೋನ್ ಮಾಡಿ, ಒಂದು ಕಡೆ ಕೂದಲು ಕೆಟ್ಟಿದೆ, ನುಣ್ಣಗೆ ಮಾಡಿ ಕಳಿಸು ಎಂದರು. ಮಾಡುವುದಿಲ್ಲ ಎಂದೆ. ವಾಪಸ್ ಬರಬಹುದು ಎಂದರು. ಬಂದರೆ ಬರಲಿ, ನನ್ನ ಹೆಸರು ಹೇಳಿ ಎಂದೆ. ಎತ್ತನ್ನು ಇದ್ದಂತೆಯೇ ಬಿಟ್ಟೆ, ಒಪ್ಪುತ್ತಾರೋ ಇಲ್ಲವೋ ಇನ್ನೂ ತಿಳಿದಿಲ್ಲ.

ಭಾನುವಾರ ಅಪ್ಪ ಊರಿಂದ ಸೊಪ್ಪು ತಂದಿದ್ದ. ಟ್ಯಾಬ್ ಕೈಗೆ ಕೊಟ್ಟು ಎತ್ತನ್ನು ನಿಧಾನಕ್ಕೆ ತಿರುಗಿಸಿದೆ. ಬಲ ಮಗ್ಗುಲು ನೋಡುವಾಗ ತಲೆದೂಗುತ್ತಿದ್ದ. ಎಡ ಮಗ್ಗುಲು ಬಂತು. ಕನ್ನಡಕ ಸರಿಮಾಡಿಕೊಂಡು, ಹಿಣಿಲಿನ ಹಿಂದೆ ಬೆರಳಿಟ್ಟ.

“ಯಾರ್ದವ್ವ ಇದು? ತಕ್ಕಬ್ಯಾಡ ಅನ್ನು. ಸುಳಿ ಸರಿಗಿಲ್ಲ.”

ನನಗೆ ನಗು ಬಂತು, ನಗುತ್ತಲೇ ಕಣ್ಣೂ ತುಂಬಿತು. ಅಪ್ಪ ಗಾಜಿನಿಂದ ಬೆರಳು ತೆಗೆಯಲಿಲ್ಲ. ಅದು ನಮ್ಮ ಹೋರಿಯೇ ಎಂದು ಅವನಿಗೂ ಗೊತ್ತಾಯಿತು ಎಂದು ಕಾಣುತ್ತದೆ, ಟ್ಯಾಬನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಹಗ್ಗ ಹಿಡಿದು ಬಂದು ಇದನ್ನು ಕಟ್ಟಿಕೊಳ್ಳಲು ತಾತ ಇಲ್ಲ. ಇಲ್ಲದಿದ್ದರೂ ಸರಿ, ಸುಳಿ ಇದ್ದ ಜಾಗದಲ್ಲೇ ಇರುತ್ತದೆ.